ಸರ್ವೋಚ್ಚ ನ್ಯಾಯಾಲಯದ ಅಧಿಕಾರವ್ಯಾಪ್ತಿ (ಭಾರತ)

ಭಾರತದ ಸರ್ವೋಚ್ಚ ನ್ಯಾಯಾಲಯವು 1950ರ ಜನವರಿಯಲ್ಲಿ ಸಂವಿಧಾನದೊಡನೆಯೇ ಅಸ್ತಿತ್ವಕ್ಕೆ ಬಂದುದಾದರೂ, ಅದರ ಅಧಿಕಾರಗಳಲ್ಲಿ ಬಹುಪಾಲು ಅದಕ್ಕಿಂತ ಹಿರಿಯ ಎರಡು ಸಂಸ್ಥೆಗಳಿಂದ ದಾಯರೂಪವಾಗಿ ಬಂದವು. 1935ರ ಭಾರತ ಸರ್ಕಾರ ಕಾಯಿದೆಯ ಮೇರೆಗೆ 1937ರ ಅಕ್ಟೋಬರಿನಲ್ಲಿ ಸರ್ ಮಾರಿಸ್ ಗ್ವೈಯರ್ ಅವರ ಮುಖ್ಯ ನ್ಯಾಯಾಧೀಶತ್ವದಲ್ಲಿ ಸ್ಥಾಪಿತವಾದ ಫೆಡರಲ್ ಕೋರ್ಟು ಮೊದಲನೆಯದು. ಸರ್ಕಾರಗಳ ಪರಸ್ಪರ ವ್ಯಾಜ್ಯಗಳನ್ನು ನೇರವಾಗಿ ವಿಚಾರಿಸುವ ಮೂಲಾಧಿಕಾರ, ಹೈಕೋರ್ಟುಗಳ ತೀರ್ಪಿನ ಮೇಲಣ ಅಪೀಲು, ಗವರ್ನರ್ ಜನರಲ್ ಕೇಳಿದಾಗ ಅಭಿಪ್ರಾಯವೀಯುವ ಸಲಹಾಧಿಕಾರ ಎಂಬ ಮೂರೂ ಅಲ್ಲಿಯೇ ರೂಪುಗೊಂಡು, ಇಂದು 131, 132 ಮತ್ತು 143ನೆಯ ಅನುಚ್ಛೇದಗಳಲ್ಲಿ ನೆಲೆಗೊಂಡಿವೆ. ಎರಡನೆಯದು ಲಂಡನ್ನಿನ ಪ್ರಿವಿ ಕೌನ್ಸಿಲ್. 1949ರ ಅಕ್ಟೋಬರ್ 10ರಂದು ಭಾರತದ ಮೇಲಣ ಅದರ ಅಧಿಕಾರ ಅಳಿಯಿತಾದರೂ, ರಾಜನ ಪರಮಾಧಿಕಾರದ ಹೆಸರಿನಲ್ಲಿ ಅಪೀಲಿಗೆ ವಿಶೇಷ ಅನುಮತಿ ನೀಡುವ ಅದರ ಪದ್ಧತಿಯು 136ನೆಯ ಅನುಚ್ಛೇದದಲ್ಲಿ ಪುನರ್ಜನ್ಮ ಪಡೆಯಿತು. ಮೂಲಭೂತ ಹಕ್ಕಿಗೆ ಭಂಗ ಬಂದಾತನು ನೆಟ್ಟಗೆ ಈ ನ್ಯಾಯಾಲಯಕ್ಕೇ ಬಂದು ರಿಟ್ ಬೇಡಬಹುದೆಂಬ 32ನೆಯ ಅನುಚ್ಛೇದವೊಂದೇ ನಿಜಕ್ಕೂ ನೂತನವಾದುದು.

ಹೀಗೆ ಬಂದ ಅಧಿಕಾರಗಳು ಮುಂದೆ ಮಾರ್ಪಟ್ಟುದೂ ಉಂಟು: ಹೈಕೋರ್ಟುಗಳಿಂದ ಬರುವ ಸಿವಿಲ್ ಅಪೀಲಿಗೆ ಸಂವಿಧಾನವು ವಿಧಿಸಿದ್ದ 20,000 ರೂಪಾಯಿಗಳ ಮೌಲ್ಯಮಿತಿಯನ್ನು 1972ರ ತಿದ್ದುಪಡಿಯು ತೆಗೆದುಹಾಕಿತು.

ಇವೆಲ್ಲಕ್ಕಿಂತ ವಿಚಾರಾರ್ಹವಾದುದು ವಿಶೇಷ ಅನುಮತಿಯ ಚರಿತ್ರೆ. ಅಸಾಧಾರಣ ಸಂದರ್ಭಗಳಲ್ಲಿ ಮಾತ್ರ ಮಿತವಾಗಿ ಬಳಸತಕ್ಕುದೆಂದು 1950ರ ಪ್ರೀತಂ ಸಿಂಗ್ ಪ್ರಕರಣದಲ್ಲಿ ನ್ಯಾಯಾಲಯವೇ ಸಾರಿದ ಈ ಅಧಿಕಾರವು ಕಾಲಕ್ರಮೇಣ ಕಕ್ಷಿಗಾರರ ಹೆದ್ದಾರಿಯಾಗಿ ಪರಿಣಮಿಸಿತೆಂಬುದು ನಿರ್ವಿವಾದ. ಕಾವೇರಿಯ ವ್ಯಾಜ್ಯವೇ ಇದಕ್ಕೆ ನಿದರ್ಶನ. ಅಂತರರಾಜ್ಯ ನದಿಜಲದ ವಿವಾದಗಳನ್ನು ನ್ಯಾಯಾಲಯಗಳಿಂದ ದೂರವಿರಿಸಲು 262ನೆಯ ಅನುಚ್ಛೇದವು ಸಂಸತ್ತಿಗೆ ಅಧಿಕಾರವಿತ್ತಿದ್ದು, 1956ರ ಕಾಯಿದೆಯು ಅಂತೆಯೇ ಮಾಡಿದುದರಿಂದ, ರಾಜ್ಯಗಳು ಹೂಡಬಹುದಾದ ಮೂಲದಾವೆಯ ದಾರಿ ಮುಚ್ಚಿತ್ತು. ಆದರೂ ಈ ವ್ಯಾಜ್ಯದ ವಿಚಾರಣೆಗೆಂದು ಆ ಕಾಯಿದೆಯ ಮೇರೆಗೆ ರಚಿತವಾದ ನ್ಯಾಯಮಂಡಳಿಯ ಮಧ್ಯಂತರ ಆದೇಶವನ್ನು ನಿಷ್ಫಲಗೊಳಿಸಲು ಕರ್ನಾಟಕವು 1991ರಲ್ಲಿ ಹೊರಡಿಸಿದ ಸುಗ್ರೀವಾಜ್ಞೆಯ ವಿಷಯವಾಗಿ ರಾಷ್ಟ್ರಪತಿಗಳು ಅಭಿಪ್ರಾಯ ಕೇಳಲು, ಸಲಹಾಧಿಕಾರದ ಮೂಲಕ ವಿವಾದವು ಒಳಹೊಕ್ಕಿತು. ಆ ಸುಗ್ರೀವಾಜ್ಞೆಯು ರಾಜ್ಯದ ಶಾಸನಾಧಿಕಾರಕ್ಕೆ ಮೀರಿದುದೆಂದು ನ್ಯಾಯಾಲಯವು ಅದೇ ವರ್ಷದ ನವೆಂಬರಿನಲ್ಲಿ ಹೇಳಿತು. ನ್ಯಾಯಮಂಡಳಿಯ ಅಂತಿಮ ತೀರ್ಪಿನ ಮೇಲೆ ಅಪೀಲು ಸಲ್ಲುವುದಿಲ್ಲವೆಂದು ಕೇಂದ್ರ ಸರ್ಕಾರವು ವಾದಿಸಿದಾಗ, ಸಂವಿಧಾನವೇ ಕೊಟ್ಟ 136ನೆಯ ಅನುಚ್ಛೇದದ ಅಧಿಕಾರವನ್ನು ಸಾಮಾನ್ಯ ಕಾಯಿದೆಯೊಂದು ಕಸಿಯಲಾರದೆಂದು 2016ರಲ್ಲಿ ನಿರ್ಣಯವಾಯಿತು. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಅಡಿ ನೀರು ಹೆಚ್ಚಾಗಿ ದೊರೆತುದು ಈ ಹಾದಿಯಿಂದಲೇ.