ವಯಸ್ಕರ ಶಿಕ್ಷಣ ಅಂದ್ರೆ ಬರೀ ಸಹಿ ಕಲಿಸೋದಲ್ಲ: ಮತ್ತೆ ಓದಲು ಹೊರಟವರಿಗೊಂದು ಕೈಪಿಡಿ

ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದು 6ರಿಂದ 14 ವರ್ಷದ ಮಕ್ಕಳಿಗೆ. ಎಸ್‌ಎಸ್‌ಎಲ್‌ಸಿ ಫೇಲಾಗಿ ಗಾರ್ಮೆಂಟ್ಸ್ ಸೇರಿದವರು, ಪಿಯುಸಿ ನಡುವೆಯೇ ಮದುವೆಯಾದವರು, ಅಪ್ಪನ ಸಾಲ ತೀರಿಸಲು ಆಟೊ ಹಿಡಿದವರು ಆ ಲೆಕ್ಕದಲ್ಲಿಲ್ಲ. ಬೆಂಗಳೂರಿನಲ್ಲಿ ಭಾನುವಾರ ಇಂಥವರಿಗೆ ನಾನು ಪರೀಕ್ಷೆಯ ಪಾಠ ಹೇಳಿಕೊಡುತ್ತೇನೆ. ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: “ಈ ವಯಸ್ಸಲ್ಲಿ ಓದಿದ್ರೆ ಏನಾದ್ರೂ ಉಪಯೋಗ ಐತಾ?” ಉತ್ತರ, ಐತೆ. ಆದರೆ ದಾರಿ ಗೊತ್ತಿರಬೇಕು.

ಸರ್ಕಾರದ ಲೆಕ್ಕ ಏನು?

ಕೇಂದ್ರದ ನವಭಾರತ ಸಾಕ್ಷರತಾ ಕಾರ್ಯಕ್ರಮ, ಅಂದರೆ ‘ಉಲ್ಲಾಸ್’, 2022ರಿಂದ 2027ರವರೆಗಿನ ಯೋಜನೆ. ಒಟ್ಟು ವೆಚ್ಚ 1,037.90 ಕೋಟಿ ರೂಪಾಯಿ, ಗುರಿ 5 ಕೋಟಿ ಕಲಿಕಾರ್ಥಿಗಳು. ಭಾಗಿಸಿ ನೋಡಿ, ತಲೆಗೆ ಸುಮಾರು 207 ರೂಪಾಯಿ. ಪಾಠ ಮಾಡುವವರು ಸ್ವಯಂಸೇವಕರು. ವೃತ್ತಿ ಕೌಶಲ, ತತ್ಸಮಾನ ಶಿಕ್ಷಣ ಎಲ್ಲವೂ ಯೋಜನೆಯ ಕಾಗದದಲ್ಲಿವೆ. ಈ ದುಡ್ಡಿನಲ್ಲಿ ಅಕ್ಷರ ಕಲಿಸಬಹುದೇನೋ, ಕಾಲೇಜಿನ ಬಾಗಿಲವರೆಗೆ ಕರೆದೊಯ್ಯಲು ಆಗುವುದಿಲ್ಲ.

ಯಾವ ದಾರಿಗಳಿವೆ?

ಒಂದು, ಖಾಸಗಿ ಅಭ್ಯರ್ಥಿಯಾಗಿ ರಾಜ್ಯ ಮಂಡಳಿಯ ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆ ಬರೆಯುವುದು. ಪಠ್ಯ, ಹಳೆಯ ಪ್ರಶ್ನೆಪತ್ರಿಕೆ ಎಲ್ಲ ಕನ್ನಡದಲ್ಲೇ ಸಿಗುತ್ತವೆ.

ಎರಡು, ರಾಷ್ಟ್ರೀಯ ಮುಕ್ತ ಶಾಲೆ, ಎನ್‌ಐಒಎಸ್. ಇಲ್ಲಿ ವಯಸ್ಸಿನ ಮೇಲ್ಮಿತಿ ಇಲ್ಲ. ನೋಂದಣಿ 5 ವರ್ಷ ನಡೆಯುತ್ತದೆ, ಅಷ್ಟರಲ್ಲಿ 9 ಸಲ ಪರೀಕ್ಷೆಗೆ ಕೂರಬಹುದು. ಒಂದೊಂದೇ ವಿಷಯ ಮುಗಿಸುತ್ತ ಹೋಗಬಹುದಾದ್ದರಿಂದ ದುಡಿಯುವವರಿಗೆ ಹೊಂದುತ್ತದೆ.

ಮೂರು, ಪದವಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಅಥವಾ ಇಗ್ನೊ. ಮಾನ್ಯತೆ ಇರುವ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಕಾನೂನು, ನರ್ಸಿಂಗ್, ಎಂಜಿನಿಯರಿಂಗ್ ಪದವಿಗಳನ್ನು ದೂರಶಿಕ್ಷಣದಲ್ಲಿ ಕೊಡುವಂತಿಲ್ಲ. “ಒಂದೇ ವರ್ಷದಲ್ಲಿ ಡಿಗ್ರಿ” ಎನ್ನುವ ಏಜೆಂಟರನ್ನು ನಂಬಬೇಡಿ. ಮೈಸೂರಿನ ಮುಕ್ತ ವಿವಿಯೇ ಮಾನ್ಯತೆ ಕಳಕೊಂಡು 2018ರಲ್ಲಿ ಮತ್ತೆ ಪಡೆಯಿತು. ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಗಳು ಪಟ್ಟ ಪಾಡು ಸಣ್ಣದಲ್ಲ. ಫೀಸು ಕಟ್ಟುವ ಮೊದಲು ಯುಜಿಸಿಯ ದೂರಶಿಕ್ಷಣ ಬ್ಯೂರೊ ಜಾಲತಾಣದಲ್ಲಿ ಆ ವರ್ಷದ ಪಟ್ಟಿ ನೋಡಿ. ವಿವಿಯ ಹೆಸರಷ್ಟೇ ಸಾಲದು, ಕೋರ್ಸಿನ ಹೆಸರೂ ಇರಬೇಕು.

ಮೊದಲು ಕೆಲಸ ನೋಡಿ, ಆಮೇಲೆ ಕೋರ್ಸು

ಓದಿಗೆ ವಯಸ್ಸಿಲ್ಲ ಅನ್ನುತ್ತಾರೆ. ನಿಜ. ಆದರೆ ನೌಕರಿಗೆ ಇದೆ. ರಾಜ್ಯದಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಲು ಪಿಯುಸಿ, ಸಹಾಯಕಿಯಾಗಲು ಎಸ್‌ಎಸ್‌ಎಲ್‌ಸಿ ಬೇಕು. ವಯಸ್ಸು ಸಾಮಾನ್ಯವಾಗಿ 19ರಿಂದ 35. 33ಕ್ಕೆ ಎಸ್‌ಎಸ್‌ಎಲ್‌ಸಿಗೆ ಕಟ್ಟುವ ಹೆಣ್ಣುಮಗಳ ಕೈಲಿರುವುದು ಎರಡೇ ವರ್ಷ. ಅವಳಿಗೆ ಬಿ.ಎ. ಕನಸು ಬಿತ್ತುವ ಮೊದಲು ಈ ಲೆಕ್ಕ ಹೇಳಬೇಕು. ಹಾಗಾಗಿ ನಾನು ಮೊದಲ ದಿನ ಪುಸ್ತಕ ತೆರೆಸುವುದಿಲ್ಲ. ಯಾವ ಕೆಲಸ ಬೇಕು, ಅದಕ್ಕೆ ಯಾವ ಸರ್ಟಿಫಿಕೇಟು, ಎಷ್ಟು ವಯಸ್ಸಿನೊಳಗೆ ಎಂದು ಹಾಳೆಯಲ್ಲಿ ಬರೆಸುತ್ತೇನೆ.

ತಯಾರಿ ಹೇಗೆ?

ದಾಖಲೆ ಮೊದಲು. ಟಿ.ಸಿ.ಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು ಸೇರಿದ ಇನ್ನೊಂದು ಹೆಸರು, ಹುಟ್ಟಿದ ದಿನ ಜನವರಿ 1. ಅರ್ಜಿ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ತಿದ್ದುಪಡಿಗೆ ತಿಂಗಳುಗಳೇ ಬೇಕಾಗಬಹುದು, ಅರ್ಜಿ ಕರೆಯುವವರೆಗೆ ಕಾಯಬೇಡಿ.

ಆಮೇಲೆ ಕೈ. ಮೊಬೈಲಿನಲ್ಲಿ ಚಕಚಕ ಟೈಪ್ ಮಾಡುವವರಿಗೂ ಮೂರು ಗಂಟೆ ಪೆನ್ನು ಹಿಡಿದು ಬರೆಯಲು ಕಷ್ಟ. ದಿನಕ್ಕೆ ಒಂದು ಪುಟದಿಂದ ಶುರು ಮಾಡಿಸಿ, ಕೊನೆಯ ಎರಡು ತಿಂಗಳು ಗಡಿಯಾರ ಇಟ್ಟು ಹಳೆಯ ಪ್ರಶ್ನೆಪತ್ರಿಕೆ ಬರೆಸಿ.

ಗಣಿತ ಬರುವುದಿಲ್ಲ ಎನ್ನುವವರು ಚೀಟಿ ಹಣದ ಬಡ್ಡಿಯನ್ನು ಬಾಯಲ್ಲೇ ಹೇಳುತ್ತಾರೆ. ಅವರಿಗೆ ತೊಡಕಾಗುವುದು ‘ಎಕ್ಸ್’, ‘ವೈ’. ಆ ಬಡ್ಡಿ ಲೆಕ್ಕವನ್ನೇ ಹಾಳೆಯ ಮೇಲೆ ಸಮೀಕರಣವಾಗಿ ಬರೆಸಿ. ಇಂಗ್ಲಿಷನ್ನು ಕಡೆಗೆ ಬಿಡಬೇಡಿ, ದಿನಕ್ಕೆ ಇಪ್ಪತ್ತು ನಿಮಿಷ ಕೊಡಿ.

ನಾವು ಕೇಳಬೇಕಾದದ್ದು

ಹೊಸದಾಗಿ ಪಾಸಾದ ನಿರುದ್ಯೋಗಿ ಪದವೀಧರರಿಗೆ ಯುವನಿಧಿ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತದೆ. ಬೇಕಾದದ್ದೇ. ಆದರೆ ಆ ಪದವಿಯವರೆಗೆ ತಲುಪಲೇ ಆಗದವರಿಗೆ? ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ಸೇನೋ ಉಚಿತವಾಯಿತು. ಇಳಿದು ಹೋಗಲು ಸಂಜೆ ಏಳರ ತರಗತಿ ಬೇಕಲ್ಲ, ಮಗುವನ್ನು ನೋಡಿಕೊಳ್ಳಲು ಅಲ್ಲೊಂದು ಕೋಣೆ ಬೇಕಲ್ಲ, ಪರೀಕ್ಷೆಯ ದಿನಗಳಿಗೆ ಸಂಬಳ ಕತ್ತರಿಸದ ರಜೆ ಬೇಕಲ್ಲ.

ಸರ್ಕಾರಿ ಶಾಲೆಯ ಕೊಠಡಿಗಳು ಸಂಜೆ ಖಾಲಿ ಇರುತ್ತವೆ. ಬಿ.ಎಡ್. ಮುಗಿಸಿ ಕೆಲಸವಿಲ್ಲದೆ ಕೂತವರು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ. ಇಬ್ಬರನ್ನೂ ಸೇರಿಸಿ, ಪಾಠ ಮಾಡಿದವರಿಗೆ ಗೌರವಧನ ಕೊಡುವುದು ರಾಜ್ಯಕ್ಕೆ ಆಗದ ಮಾತಲ್ಲ. ಮುಂದಿನ ಸಲ ಓಟು ಕೇಳಲು ಬಂದವರ ಮುಂದೆ ಇದನ್ನಿಡಿ. ಅಷ್ಟರವರೆಗೆ ನಿಮ್ಮ ಬೀದಿಯಲ್ಲಿ ಒಬ್ಬರಿಗೆ ಅರ್ಜಿ ತುಂಬಿಸಿಕೊಡಿ.