ಅಳಿವೆಯ ಮರಳು ದಿಬ್ಬಗಳು

ಮುಂಬಯಿಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರ ಹುಟ್ಟೂರು ಕರಾವಳಿಯಲ್ಲಿದೆ. ಬೆಂಗ್ರೆ, ಕೋಡಿ, ಅಳಿವೆ ಎಂಬ ಹೆಸರುಗಳು ನಮಗೆ ಚಿರಪರಿಚಿತ. ನದಿಯು ಕಡಲನ್ನು ಸೇರುವಲ್ಲಿ ನೀರೇ ಕಟ್ಟಿ, ನೀರೇ ಕೆಡಹುವ ಮರಳಿನ ನೆಲವಿದು. ಇದು ಸ್ಥಿರವಲ್ಲವೆಂಬುದನ್ನು ಅರಿತವರಿಗೆ ಆಸರೆ, ಅರಿಯದವರಿಗೆ ಅಪಾಯ. ರಜೆಯಲ್ಲಿ ಊರಿಗೆ ತೆರಳುವ ಓದುಗರಿಗಾಗಿ ಈ ವಿಷಯದ ಕಿರುಪರಿಚಯವನ್ನು ಇಲ್ಲಿ ನೀಡುತ್ತಿದ್ದೇವೆ.

ರಚನೆ

ನೀರು ಹೊತ್ತು ತಂದ ಮರಳು ಅದರ ವೇಗ ಕುಗ್ಗಿದೆಡೆ ತಳ ಸೇರುತ್ತದೆ. ದಡಕ್ಕೆ ಓರೆಯಾಗಿ ಬಡಿಯುವ ಅಲೆಗಳು ಮರಳನ್ನು ತೀರದುದ್ದಕ್ಕೂ ಸಾಗಿಸುತ್ತವೆ. ನದೀಮುಖದಲ್ಲಿ ಅದು ನಾಲಿಗೆಯಂತೆ ಚಾಚಿಕೊಳ್ಳುತ್ತದೆ. ಮಳೆಗಾಲದ ಬಿರುಸಾದ ಅಲೆಗಳು ತೀರದ ಮರಳನ್ನು ಸೆಳೆದೊಯ್ದು ನೀರಿನಡಿಯಲ್ಲಿ ದಿಬ್ಬವಾಗಿ ಪೇರಿಸುತ್ತವೆ. ಮಳೆಗಾಲ ಕಳೆದ ಮೇಲೆ ಸೌಮ್ಯ ಅಲೆಗಳು ಅದನ್ನೇ ಮರಳಿ ದಡಕ್ಕೆ ತರುತ್ತವೆ. ಹೀಗೆ ಈ ದಿಬ್ಬಗಳು ಕರಾವಳಿಯ ಮರಳಿನ ಕಣಜವಿದ್ದಂತೆ. ದೊಡ್ಡ ಅಲೆಗಳು ಅವುಗಳ ಮೇಲೆಯೇ ಒಡೆಯುವುದರಿಂದ ದಡಕ್ಕೂ ರಕ್ಷಣೆ ದೊರೆಯುತ್ತದೆ.

ಉಡುಪಿ ಜಿಲ್ಲೆಯ ಕೋಡಿಬೆಂಗ್ರೆಯಲ್ಲಿ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ನದಿ. ಸ್ವರ್ಣಾ ಮತ್ತು ಸೀತಾ ನದಿಗಳು ಒಂದುಗೂಡಿ ಅಲ್ಲಿಯೇ ಸಮುದ್ರವನ್ನು ಸೇರುತ್ತವೆ. ಮರವಂತೆಯಲ್ಲಿ ಕಡಲಿನ ತೀರಾ ಸಮೀಪಕ್ಕೆ ಬರುವ ಸೌಪರ್ಣಿಕಾ ಅಲ್ಲಿ ಸೇರದೆ ತಿರುಗಿ, ಗಂಗೊಳ್ಳಿಯ ಅಳಿವೆಯನ್ನು ತಲುಪುತ್ತದೆ. ನಡುವಣ ಕಿರಿದಾದ ಮರಳಿನ ಪಟ್ಟಿಯ ಮೇಲೆ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗಿದೆ. ಮಂಗಳೂರಿನ ಬೆಂಗ್ರೆಯೂ ಗುರುಪುರ ನದಿ ಮತ್ತು ಕಡಲಿನ ನಡುವಣ ಇಂತಹುದೇ ನೆಲ.

ಜೀವಸಂಕುಲ

ಚಳಿಗಾಲದಲ್ಲಿ ಉತ್ತರ ದೇಶಗಳಿಂದ ವಲಸೆ ಬರುವ ಕಡಲಹಕ್ಕಿಗಳು ಈ ದಿಬ್ಬಗಳ ಮೇಲೆ ವಿಶ್ರಮಿಸುತ್ತವೆ. ಇಳಿತದ ಹೊತ್ತಿನಲ್ಲಿ ತೆರೆದುಕೊಳ್ಳುವ ಕೆಸರುಮರಳಿನಲ್ಲಿ ಅವುಗಳಿಗೆ ಹುಳು, ಏಡಿ, ಚಿಪ್ಪುಜೀವಿಗಳ ಆಹಾರ ದೊರೆಯುತ್ತದೆ. ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಬಳಚು ಆರಿಸುವುದು ಅನೇಕ ಕುಟುಂಬಗಳ ಜೀವನಾಧಾರ. ಈ ಅಳಿವೆಯು ರಾಮ್ಸಾರ್ ಪಟ್ಟಿಗೆ ಸೇರಿರುವುದನ್ನು 2024ರಲ್ಲಿ ಪ್ರಕಟಿಸಲಾಯಿತು.

ಕುಂದಾಪುರದ ಕೋಡಿಯೂ ಸೇರಿದಂತೆ ಹಲವು ಮರಳತೀರಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ರಾತ್ರಿ ವೇಳೆ ಬಂದು ಮೊಟ್ಟೆಯಿಡುತ್ತವೆ. ಒಂದು ಗೂಡಿನಲ್ಲಿ ಸುಮಾರು 100 ಮೊಟ್ಟೆಗಳಿರುತ್ತವೆ. ಅವು ಒಡೆಯಲು 45ರಿಂದ 60 ದಿನಗಳು ಬೇಕು. ಮರಿಗಳು ಬೆಳಕಿನ ಜಾಡು ಹಿಡಿದು ಕಡಲಿಗೆ ಸಾಗುವುದರಿಂದ ದಡದ ವಿದ್ಯುದ್ದೀಪಗಳು ಅವುಗಳ ದಾರಿ ತಪ್ಪಿಸುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈ ಆಮೆಗಳಿಗೆ ಗರಿಷ್ಠ ರಕ್ಷಣೆಯಿದೆ.

ಮೀನುಗಾರರು ಮತ್ತು ಮರಳು

ಅಳಿವೆ ಬಾಗಿಲಿನಲ್ಲಿ ಹೂಳು ತುಂಬಿ ಆಳ ಕಡಿಮೆಯಾದಾಗ ಅಲೆಗಳು ಅಲ್ಲಿಯೇ ಒಡೆಯುತ್ತವೆ. ದೋಣಿಗಳು ತಳ ತಗುಲಿ ಮಗುಚುವ ಭಯವಿರುತ್ತದೆ. ಆದುದರಿಂದ ಹೂಳೆತ್ತುವುದು ಮೀನುಗಾರರ ನ್ಯಾಯವಾದ ಬೇಡಿಕೆ. ಆದರೆ ಕಟ್ಟಡ ಕಾಮಗಾರಿಗಾಗಿ ಮಿತಿಮೀರಿ ಮರಳು ತೆಗೆದರೆ ತೀರಕ್ಕೆ ಸೇರಬೇಕಾದ ಮರಳೇ ಇಲ್ಲವಾಗುತ್ತದೆ. ಅಲೆತಡೆ ಗೋಡೆಗಳೂ ಒಂದು ಬದಿಯಲ್ಲಿ ಮರಳನ್ನು ತಡೆದು, ಇನ್ನೊಂದು ಬದಿಯಲ್ಲಿ ಕೊರೆತಕ್ಕೆ ಕಾರಣವಾಗಬಲ್ಲವು. ಒಂದು ಊರಿನ ಅನುಕೂಲಕ್ಕೆ ನೆರೆಯೂರು ಬೆಲೆ ತೆರುವಂತಾಗಬಾರದು.

ವಿಹಾರಕ್ಕೆ ಹೋಗುವವರಿಗೆ

ನೀರಿನಡಿಯ ದಿಬ್ಬಗಳ ನಡುವಣ ತೆರವಿನಲ್ಲಿ ದಡಕ್ಕೆ ಬಂದ ನೀರು ರಭಸದಿಂದ ಹಿಂದಿರುಗುತ್ತದೆ. ಅಲ್ಲಿ ಅಲೆ ಒಡೆಯದ ಕಾರಣ ನೀರು ಶಾಂತವಾಗಿರುವಂತೆ ತೋರುತ್ತದೆ. ಮಕ್ಕಳನ್ನು ಇಳಿಸಲು ಯೋಗ್ಯವೆಂದು ನಾವು ಭಾವಿಸುವ ಜಾಗವೇ ಅತ್ಯಂತ ಅಪಾಯಕಾರಿಯಾಗಿರಬಹುದು. ಸೆಳೆತಕ್ಕೆ ಸಿಲುಕಿದವರು ಎದುರೀಜದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದ ಬಳಿಕವಷ್ಟೇ ದಡದತ್ತ ಬರಬೇಕು. ಇಳಿತದಲ್ಲಿ ನಡೆದು ತಲುಪಿದ ದಿಬ್ಬವು ಉಬ್ಬರದಲ್ಲಿ ಮುಳುಗುತ್ತದೆಂಬುದನ್ನೂ ಮರೆಯಬಾರದು. ಕಳೆದ ವರ್ಷ ಆಳವಿಲ್ಲದಿದ್ದ ಸ್ಥಳ ಈ ವರ್ಷ ಹಾಗೆಯೇ ಇರಲಾರದು. ಮೇ ತಿಂಗಳ ಕೊನೆಯಲ್ಲಂತೂ ಕಡಲು ಪ್ರಕ್ಷುಬ್ಧವಾಗತೊಡಗುತ್ತದೆ.

ಆದುದರಿಂದ ನೀರಿಗಿಳಿಯುವ ಮುನ್ನ ಸ್ಥಳೀಯ ಮೀನುಗಾರರನ್ನು ವಿಚಾರಿಸಬೇಕೆಂದೂ, ಆಮೆಯ ಗೂಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕೆಂದೂ ಓದುಗರಲ್ಲಿ ವಿನಂತಿಸುತ್ತೇವೆ.