ಬೆಳ್ಳಿ ಅಸಲಿ, ರೂಪಾಯಿ ಅಸಲಿಯೇ?

“ಇದು ಒರಿಜಿನಲ್ ಅದ ಏನ್ರಿ? ಮಾರಿದ್ರ ಎಷ್ಟ ಬರ್ತದ?”

ಸುದ್ದಿಗೆಂದು ಊರೂರು ಸುತ್ತುವ ನಮಗೆ ಈ ಪ್ರಶ್ನೆ ಹೊಸದಲ್ಲ. ಕೇಳುವವರ ಅಂಗೈಯಲ್ಲಿ ದೇವರ ಜಗಲಿಯಿಂದ ತಂದ ಒಂದು ಬೆಳ್ಳಿ ರೂಪಾಯಿ ಇರುತ್ತದೆ. ವಿಕ್ಟೋರಿಯಾ ರಾಣಿಯದ್ದೋ, ಜಾರ್ಜ್ ದೊರೆಯದ್ದೋ, ನಮ್ಮ ಕಲಬುರಗಿ, ರಾಯಚೂರು ಕಡೆಯಾದರೆ ಚಾರ್‌ಮಿನಾರ್ ಇರುವ ನಿಜಾಮನದ್ದೋ. ಬಹಳ ಮಂದಿ ಮೊದಲು ಹೋಗುವುದು ಪತ್ತಾರರ ಬಳಿ. ಅವರು ಒರೆಗಲ್ಲಿಗೆ ತಿಕ್ಕಿ “ಬೆಳ್ಳಿ ಚೊಲೋ ಅದ” ಎನ್ನುತ್ತಾರೆ, ತೂಕದ ಲೆಕ್ಕದಲ್ಲಿ ದುಡ್ಡು ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಅದು ಲೋಹದ ಬಗ್ಗೆ ಮಾತ್ರ ಹೇಳಿದ ಮಾತು. ಆ ನಾಣ್ಯ ಟಂಕಸಾಲೆಯಲ್ಲೇ ಹುಟ್ಟಿದ್ದೋ, ಎಷ್ಟು ಸವೆದಿದೆಯೋ ಎಂಬ ಎರಡು ಪ್ರಶ್ನೆಗಳು ಹಾಗೇ ಉಳಿಯುತ್ತವೆ. ತಿಕ್ಕಿದ ಜಾಗದಲ್ಲಿ ಒಂದು ಗೀರು ಮಾತ್ರ ಹೆಚ್ಚಾಗಿರುತ್ತದೆ.

ಬೆಳ್ಳಿ ಅಸಲಿಯಾಗಿದ್ದೂ ರೂಪಾಯಿ ನಕಲಿಯಾಗಬಹುದು ಎಂದರೆ ಹಲವರು ನಂಬುವುದಿಲ್ಲ. ಅದಕ್ಕೆ ಸ್ವಲ್ಪ ಇತಿಹಾಸ ತಿಳಿಯಬೇಕು. 1835ಕ್ಕೆ ಮೊದಲು ಒಂದೊಂದು ಸೀಮೆಗೆ ಒಂದೊಂದು ರೂಪಾಯಿ. ಬದಲಾಯಿಸುವ ಶರಾಫರು ವಟ್ಟ ಹಿಡಿಯುತ್ತಿದ್ದರು, ನೋಡಿದ ನಾಣ್ಯದ ಮೇಲೆ ತಮ್ಮ ಸಣ್ಣ ಗುರುತನ್ನೂ ಒತ್ತುತ್ತಿದ್ದರು. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಸೀಮೆಗೆಲ್ಲ ಒಂದೇ ರೂಪಾಯಿ ಎಂದು ಕಾನೂನು ಮಾಡಿತು. ತೂಕ 180 ಗ್ರೇನ್, ಅಂದರೆ 11.66 ಗ್ರಾಂ. 12 ಭಾಗದಲ್ಲಿ 11 ಭಾಗ ಬೆಳ್ಳಿ. ರೂಪಾಯಿಯೆಂದರೆ ಸರಿಯಾಗಿ ಒಂದು ತೊಲ. ತಕ್ಕಡಿಯಲ್ಲಿ ತೂಕದ ಬೊಟ್ಟಿನ ಬದಲು ರೂಪಾಯಿಯನ್ನೇ ಇಡುತ್ತಿದ್ದರು ಎಂದು ಹಿರಿಯರು ಹೇಳುವುದು ಇದಕ್ಕೇ.

ಆಗ ಯಾರು ಬೇಕಾದರೂ ಟಂಕಸಾಲೆಗೆ ಬೆಳ್ಳಿ ಒಯ್ದು, ಕೂಲಿ ಕೊಟ್ಟು, ರೂಪಾಯಿ ಮಾಡಿಸಿಕೊಳ್ಳಬಹುದಿತ್ತು. ಜಗತ್ತಿನಲ್ಲಿ ಬೆಳ್ಳಿಯ ಬೆಲೆ ಬೀಳುತ್ತಾ ಹೋಯಿತು. 1893ರಲ್ಲಿ ಸರ್ಕಾರ ಆ ಬಾಗಿಲು ಮುಚ್ಚಿತು. ಅಲ್ಲಿಂದ ಮುಂದೆ ರೂಪಾಯಿಯೊಳಗಿನ ಬೆಳ್ಳಿಗಿಂತ ರೂಪಾಯಿಯ ಬೆಲೆಯೇ ಹೆಚ್ಚಾಯಿತು. ಕಳ್ಳ ಟಂಕಸಾಲೆಯವರಿಗೆ ಇದಕ್ಕಿಂತ ಇನ್ನೇನು ಬೇಕು? ತವರ, ಸೀಸ ಬೆರೆಸುವ ಗೊಡವೆಯೇ ಇಲ್ಲದೆ, ಒಳ್ಳೆಯ ಬೆಳ್ಳಿಯಲ್ಲೇ ನಾಣ್ಯ ಮಾಡಿದರೂ ಲಾಭ ಉಳಿಯುವಂತಾಯಿತು. ಇವತ್ತು ಸಂಗ್ರಾಹಕರನ್ನು ಗುರಿಯಾಗಿಟ್ಟುಕೊಂಡು ನಕಲಿ ಮಾಡುವವರ ಲೆಕ್ಕವೂ ಅದೇ. ಒರೆಗಲ್ಲು ಇಲ್ಲಿ ಕೈಕೊಡುತ್ತದೆ.

ಹಾಗಾದರೆ ನೋಡುವುದು ಹೇಗೆ? ಮೊದಲು ಇಸವಿ. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧ ಮಾತ್ರ. ತೂಕ ಅದೇ 11.66 ಗ್ರಾಂ, ಆದರೆ ಅಂಚಿನ ಗೆರೆಗಳ ನಡುವೆ ಸುತ್ತಲೂ ಒಂದು ಕೊರೆದ ಪಟ್ಟಿ ಇರುತ್ತದೆ. ನಕಲಿ ತಡೆಯಲೆಂದೇ ತಂದದ್ದು ಅದು. ಹುಲಿ ಚಿತ್ರದ 1947ರ ರೂಪಾಯಿ ನಿಕ್ಕೆಲ್‌ನದು, ಬೆಳ್ಳಿಯೇ ಇಲ್ಲ. ಅದು ಅಯಸ್ಕಾಂತಕ್ಕೆ ಹತ್ತುತ್ತದೆ. ಬೆಳ್ಳಿ ರೂಪಾಯಿ ಹತ್ತಿದರೆ ನಕಲಿ ಎಂದೇ ಲೆಕ್ಕ. ಹತ್ತಲಿಲ್ಲವೆಂದು ಖುಷಿಪಡಬೇಡಿ, ತಾಮ್ರವೂ ಸೀಸವೂ ಹತ್ತುವುದಿಲ್ಲ.

ಎರಡನೆಯದು ನೀರಿನ ಪರೀಕ್ಷೆ. ಪುಡಿ ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಮನೆಯಲ್ಲೇ ಮಾಡಬಹುದು. ಮೊದಲು ಒಣ ನಾಣ್ಯ ತೂಗಿ ಬರೆದಿಡಿ. ಆಮೇಲೆ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ದಾರ ಕಟ್ಟಿ ನೀರಲ್ಲಿ ಮುಳುಗುವಂತೆ ಹಿಡಿಯಿರಿ, ತಳಕ್ಕೂ ಪಕ್ಕಕ್ಕೂ ತಾಗಬಾರದು. ತಕ್ಕಡಿ ಆಗ ತೋರಿಸುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ. ಹಳೆಯ ಒಳ್ಳೆಯ ಬೆಳ್ಳಿ ರೂಪಾಯಿಯಾದರೆ ಉತ್ತರ 10.3ರ ಆಸುಪಾಸು ಬರಬೇಕು. ಅರ್ಧ ಬೆಳ್ಳಿಯದಾದರೆ 9.5ರ ಹತ್ತಿರ. ಜರ್ಮನ್ ಸಿಲ್ವರ್ ಎಂಬ, ಬೆಳ್ಳಿಯೇ ಇಲ್ಲದ ಲೋಹ 9ಕ್ಕಿಂತ ಕೆಳಗೇ ನಿಲ್ಲುತ್ತದೆ. ಗೀರಿಲ್ಲ, ಖರ್ಚಿಲ್ಲ.

ಇಷ್ಟಾದರೂ ಲೋಹದ ಉತ್ತರವೇ ಸಿಕ್ಕಿದ್ದು. ನಾಣ್ಯದ ಹುಟ್ಟು ತಿಳಿಯಲು ಕಣ್ಣು ಬೇಕು. ಟಂಕಸಾಲೆಯಲ್ಲಿ ಉಕ್ಕಿನ ಅಚ್ಚಿನಿಂದ ಭಾರೀ ಒತ್ತಡ ಕೊಟ್ಟು ಒತ್ತುತ್ತಿದ್ದರು. ಹಾಗಾಗಿ ಅಕ್ಷರದ ಅಂಚು ಚೂಪು, ಖಾಲಿ ಜಾಗ ನುಣುಪು. ಎರಕ ಹೊಯ್ದ ನಕಲಿಯಲ್ಲಿ ಅಕ್ಷರ ಬೆಲ್ಲದಚ್ಚಿನ ಹಾಗೆ ಮೊಂಡಾಗಿರುತ್ತದೆ. ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಗುಳಿಗಳು, ಅಂಚಿನಲ್ಲಿ ಎರಡು ಹೋಳು ಕೂಡಿದ ಗೆರೆ ಕಾಣಬಹುದು. ಫೋನಿನ ಕ್ಯಾಮೆರಾ ಜೂಮ್ ಮಾಡಿ, ಇಂಟರ್ನೆಟ್‌ನಲ್ಲಿ ಸಿಗುವ ಅದೇ ಇಸವಿಯ ಹರಾಜು ಚಿತ್ರದ ಪಕ್ಕ ಇಟ್ಟು ನೋಡಿ. ಕಲ್ಲಿನ ಮೇಲೆ ಎಸೆದು ‘ಠಣ್’ ಎಂಬ ನಾದ ಕೇಳುವ ಹಳೇ ಪದ್ಧತಿ ಮಾತ್ರ ಬೇಡ, ಅಂಚಿಗೆ ಪೆಟ್ಟು ಬೀಳುತ್ತದೆ.

ನಮ್ಮ ಭಾಗದವರಿಗೆ ಒಂದು ಎಚ್ಚರಿಕೆ. ನಿಜಾಮನ ಹಾಲಿ ಸಿಕ್ಕಾಕ್ಕೆ ಮೇಲಿನ ಅಳತೆ ನಡೆಯುವುದಿಲ್ಲ. ಚಾರ್‌ಮಿನಾರ್ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಬೆಳ್ಳಿ ನೂರಕ್ಕೆ 82ರ ಹತ್ತಿರ. ಅಂದು ಆರು ಇಂಗ್ಲಿಷ್ ರೂಪಾಯಿಗೆ ಏಳು ಹಾಲಿ ಸಿಕ್ಕಾ ಎಂಬ ಲೆಕ್ಕವಿತ್ತು. ಇದು ಗೊತ್ತಿಲ್ಲದವರು “ತೂಕ ಕಮ್ಮಿ, ಬೆಳ್ಳಿ ಕಮ್ಮಿ, ಡೂಪ್ಲಿಕೇಟ್” ಎಂದು ಅಸಲಿ ನಾಣ್ಯವನ್ನೇ ತಳ್ಳಿಹಾಕುತ್ತಾರೆ. ಗೊತ್ತಿದ್ದವರೂ ಕೆಲವರು ಹಾಗೆ ಹೇಳಿ ಅಗ್ಗಕ್ಕೆ ಕೊಳ್ಳುತ್ತಾರೆ.

ಇನ್ನು ದರ್ಜೆ, ಅಂದರೆ ಸವೆತದ ಲೆಕ್ಕ. ಬ್ರಿಟಿಷ್ ಸರ್ಕಾರವೇ ಇದನ್ನು ನೋಡುತ್ತಿತ್ತು. 1906ರ ನಾಣ್ಯ ಕಾಯ್ದೆಯಂತೆ ರೂಪಾಯಿ ನೂರಕ್ಕೆ ಎರಡಕ್ಕಿಂತ ಹೆಚ್ಚು ತೂಕ ಕಳೆದುಕೊಂಡಿದ್ದರೆ ಅದು ಚಲಾವಣೆಯ ಹಕ್ಕು ಕಳೆದುಕೊಳ್ಳುತ್ತಿತ್ತು. ಸಂಗ್ರಾಹಕರು ನೋಡುವುದು ಚಿತ್ರದ ಉಬ್ಬುಗಳನ್ನು, ಏಕೆಂದರೆ ಮೊದಲು ಸವೆಯುವುದು ಅವೇ. ರಾಣಿಯ ಕಿವಿಯ ಮೇಲಿನ ಕೂದಲು ಎಳೆ ಎಳೆಯಾಗಿ ಕಾಣುತ್ತದೆಯೇ? ಎಡ್ವರ್ಡ್ ದೊರೆಯ ಕಿವಿ, ಹುಬ್ಬು? ಐದನೇ ಜಾರ್ಜ್ ಕಿರೀಟದ ಹರಳು, ಎದೆಯ ಸರದಲ್ಲಿನ ಆನೆ? ಇದರ ಮೇಲೆ ‘ಗುಡ್’, ‘ಫೈನ್’, ‘ವೆರಿ ಫೈನ್’, ‘ಎಕ್ಸ್‌ಟ್ರೀಮ್ಲಿ ಫೈನ್’, ‘ಅನ್‌ಸರ್ಕ್ಯುಲೇಟೆಡ್’ ಎಂದು ದರ್ಜೆ ಏರುತ್ತದೆ. ‘ಗುಡ್’ ಎಂದರೆ ಚೆನ್ನಾಗಿದೆ ಎಂದು ತಿಳಿದರೆ ಕೆಟ್ಟಿರಿ. ಅದು ಚೆನ್ನಾಗಿ ಸವೆದ ನಾಣ್ಯದ ಹೆಸರು! ಸರಕ್ಕೆ ಪೋಣಿಸಲು ತೂತು ಮಾಡಿದ್ದರೆ, ಕೊಂಡಿ ಬೆಸೆದಿದ್ದರೆ ದರ್ಜೆ ಬಿದ್ದೇ ಹೋಯಿತು. ತಾಂಡಾಗಳ ಅಜ್ಜಿಯರ ಒಡವೆಗಳಲ್ಲಿರುವ ರೂಪಾಯಿಗಳು ಹೀಗೇ. ಅವನ್ನು ಬಿಡಿಸಿ ಬಿಡಿ ನಾಣ್ಯವಾಗಿ ಮಾರುವುದಕ್ಕಿಂತ ಒಡವೆಯಾಗಿಯೇ ಉಳಿಸುವುದು ಲೇಸು ಎಂದು ನಮಗನಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ನಷ್ಟ ಆಗುತ್ತಿರುವುದು ದೀಪಾವಳಿಗೆ. ಲಕ್ಷ್ಮೀಪೂಜೆಗೆಂದು ವರ್ಷವರ್ಷವೂ ಹುಣಸೆಹಣ್ಣು, ವಿಭೂತಿ, ಈಗೀಗ ಟೂತ್‌ಪೇಸ್ಟ್ ಹಚ್ಚಿ ತಿಕ್ಕುತ್ತೇವೆ. ಬೆಳ್ಳಿ ಫಳಫಳ ಹೊಳೆಯುತ್ತದೆ. ಓರೆ ಬೆಳಕಿಗೆ ಹಿಡಿದರೆ ಕೂದಲೆಳೆಯಂಥ ಸಾವಿರ ಗೀರು. ನಾವು ಕೊಳೆ ಎಂದುಕೊಳ್ಳುವ ಆ ಕಪ್ಪು ಪದರ ದಶಕಗಳಲ್ಲಿ ತಾನೇ ಕಟ್ಟಿದ್ದು. ಸಂಗ್ರಾಹಕರು ಅದಕ್ಕೆ ಹೆಚ್ಚು ದುಡ್ಡು ಕೊಡುತ್ತಾರೆ, ತಿಕ್ಕಿದ್ದಕ್ಕೆ ಕಡಿಮೆ. ಪೂಜೆ ಬಿಡಿ ಎಂದು ನಾವು ಹೇಳುತ್ತಿಲ್ಲ. ತೀರಾ ಸವೆದ ಒಂದನ್ನು ಜಗಲಿಗೆ ಇಡಿ, ಉಳಿದವನ್ನು ಮುಟ್ಟದೆ ಕಾಗದದಲ್ಲಿ ಸುತ್ತಿಡಿ.

ಹಳೆಯದಾದಷ್ಟೂ ದುಬಾರಿ ಎಂಬುದೂ ನಿಜವಲ್ಲ. 1840 ಎಂದು ಇಸವಿ ಇರುವ ರಾಣಿ ರೂಪಾಯಿಯನ್ನು ಅದೇ ಇಸವಿ ಇಟ್ಟುಕೊಂಡು 1862ರವರೆಗೆ ಒತ್ತಿದರು, 1862ರದ್ದನ್ನು 1874ರವರೆಗೆ. ಅವು ರಾಶಿ ರಾಶಿ ಇವೆ. ಅಪರೂಪವಾದದ್ದು 1911ರ ಜಾರ್ಜ್ ರೂಪಾಯಿ. ದೊರೆಯ ಸರದಲ್ಲಿನ ಆನೆ ಗಿಡ್ಡ ಸೊಂಡಿಲಿನಿಂದ ಹಂದಿಯಂತೆ ಕಾಣುತ್ತದೆಂದು ಜನ ಗದ್ದಲ ಮಾಡಿದರು. ಸರ್ಕಾರ ಅದನ್ನು ಹಿಂದಕ್ಕೆ ಪಡೆದು 1912ಕ್ಕೆ ಆನೆಯನ್ನು ತಿದ್ದಿತು. ಹಾಗಾಗಿ 1911 ಎಂದಿದ್ದು ಆನೆ ಮಾತ್ರ ನೆಟ್ಟಗಿದ್ದರೆ ಯಾರೋ ಕೊನೆಯ ಅಂಕಿ ಕೆತ್ತಿದ್ದಾರೆ ಎಂದೇ ಅರ್ಥ. 1939ರ ರೂಪಾಯಿಯೂ ಅಪರೂಪ, ಅಲ್ಲಿಯೂ ಕೊನೆಯ ಅಂಕಿಯ ಸುತ್ತ ಕಣ್ಣಿಡಿ.

ಹನುಮಂತ, ರಾಮ ಪಟ್ಟಾಭಿಷೇಕದ ಚಿತ್ರದ ಜೊತೆ ‘ಈಸ್ಟ್ ಇಂಡಿಯಾ ಕಂಪನಿ’ ಎಂದೂ 1616, 1717, 1818 ಎಂದೂ ಇರುವ ಬಿಲ್ಲೆಗಳ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಕಂಪನಿ ಅಂಥ ನಾಣ್ಯ ಮಾಡಿಯೇ ಇಲ್ಲ. 1616ರಲ್ಲಿ ಅದು ಸೂರತ್ತಿನಲ್ಲಿ ಕೋಠಿ ಇಟ್ಟುಕೊಂಡಿದ್ದ ವ್ಯಾಪಾರಿ ಅಷ್ಟೇ. ಅಕ್ಕಿ ಎಳೆಯುತ್ತದೆ, ಕೋಟಿ ಬರುತ್ತದೆ ಎಂದು ಮುಂಗಡ ಕೇಳುವವರಿಗೂ, ರಿಸರ್ವ್ ಬ್ಯಾಂಕಿನ ಹೆಸರಲ್ಲಿ ಫೀಸು, ಕಮಿಷನ್ ಕೇಳುವವರಿಗೂ ಒಂದು ಪೈಸೆ ಕೊಡಬೇಡಿ. ಹಳೇ ನೋಟು ನಾಣ್ಯ ಕೊಳ್ಳುವ ವ್ಯವಹಾರ ತನ್ನದಲ್ಲ, ಯಾರಿಗೂ ವಹಿಸಿಯೂ ಇಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟಿದೆ.

ಹೊಲ ಉಳುವಾಗಲೋ ಹಳೇ ಗೋಡೆ ಕೆಡವುವಾಗಲೋ ಗಡಿಗೆಯಲ್ಲಿ ನಾಣ್ಯ ಸಿಕ್ಕರೆ ಅದು ಬೇರೆಯೇ ವಿಷಯ. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ, ಮುಚ್ಚಿಟ್ಟರೆ ಅಪರಾಧ. ತಹಶೀಲ್ದಾರರ ಕಚೇರಿಗೆ ಬರಹದಲ್ಲಿ ತಿಳಿಸಿ, ಸ್ವೀಕೃತಿ ಪಡೆಯಿರಿ. 1878ರ ಬ್ರಿಟಿಷ್ ಕಾಯ್ದೆಯಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದು ಸಿಕ್ಕರೆ ತಿಳಿಸಬೇಕು ಎಂದಿತ್ತು. ಆಗ ಹತ್ತು ರೂಪಾಯಿ ಎಂದರೆ ಇಂಥವೇ ಹತ್ತು ಬೆಳ್ಳಿ ನಾಣ್ಯ.